ಪುಕ್ಕಟೆ ಬಂದ ಎಸ್‌ಎಂಪಿಎಸ್

ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಸೇರಿದ ಮೇಲೆ ಬಹಳ ವರ್ಷ ಯಾವ ಗಿರಾಕಿಯೂ ನನ್ನನ್ನು ‘ಇದಕ್ಕೆ ಎಂಥ ಎಸ್‌ಎಂಪಿಎಸ್ ಹಾಕ್ತೀರಿ’ ಎಂದು ಕೇಳಲಿಲ್ಲ. ಪ್ರೊಸೆಸರ್ ಯಾವುದು, ಹಾರ್ಡ್ ಡಿಸ್ಕ್ ಎಷ್ಟು ಜಿಬಿ ಎಂದು ಕೇಳುತ್ತಿದ್ದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದವರು ಕ್ಯಾಬಿನೆಟ್ಟಿನ ಬಣ್ಣ ನೋಡುತ್ತಿದ್ದರು. ಗೋಡೆಯಿಂದ ಬರುವ ಕರೆಂಟನ್ನು ಹನ್ನೆರಡು ವೋಲ್ಟಿಗೆ, ಐದು ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಆ ತಗಡಿನ ಡಬ್ಬಿ ಮಾತ್ರ ಕ್ಯಾಬಿನೆಟ್ಟಿನ ಹಿಂದಿನ ಮೂಲೆಯಲ್ಲಿ ಪುಕ್ಕಟೆಯಾಗಿ ಕೂತು ಬರುತ್ತಿತ್ತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಗಾದೆ ಮಾಡಿ ನಗುತ್ತೇವೆ. ನಮ್ಮ ಕಸುಬಿನಲ್ಲಿ ಮೊಳ ಹಾಕಿ ನೋಡಬೇಕಾಗಿತ್ತು. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ನಾನಿದ್ದ ಅಂಗಡಿಗೆ ಈಗ ಹೊಸದಾಗಿ ಸೇರಿದವರು ‘ಸಾರ್, ನಿಮ್ಮ ಅನುಭವ ಬರೆದುಕೊಡಿ’ ಎಂದು ದುಂಬಾಲು ಬಿದ್ದಿದ್ದಾರೆ. ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ನಮ್ಮಲ್ಲಿ ಇದ್ದದ್ದು ಎರಡೇ ಹುದ್ದೆ, ಮಾಲೀಕ ಮತ್ತು ಉಳಿದವರು. ಎಸ್‌ಎಂಪಿಎಸ್ ಆರಿಸುವುದು ಹೇಗೆ ಎಂಬುದನ್ನು ಬೇಕಾದರೆ ಬರೆಯಬಲ್ಲೆ. ಆದರೆ ಅದನ್ನು ಬರೆಯಲು ಹೊರಟರೆ ಕೆ.ಆರ್. ಪುರಂ ಪಕ್ಕದ ದೇವಸಂದ್ರದ ಒಂದು ಮನೆಯ ವಿಷಯ ಬರೆಯದೆ ವಿಧಿಯಿಲ್ಲ. ಆ ಮನೆಯ ಹೊಸಿಲು ತುಳಿಯುವುದನ್ನು ಒಬ್ಬ ತಮ್ಮ ನಿಲ್ಲಿಸಿಬಿಟ್ಟ. ಅಕ್ಕ ವರ್ಷಗಟ್ಟಲೆ ಅವನ ದಾರಿ ನೋಡಿದಳು. ಇಬ್ಬರ ನಡುವೆ ಬಂದವನು ನಾನು. ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ನಾನು ದಾವಣಗೆರೆ ಕಡೆಯವನು. ಬೆಂಗಳೂರಿಗೆ ಬಂದು ಶಿವಾಜಿನಗರದಲ್ಲಿ ಟೈಪ್‌ರೈಟರ್ ರಿಪೇರಿ ಕಲಿತೆ. ಕಂಟೋನ್ಮೆಂಟಿನ ಆಫೀಸುಗಳಿಗೆ ಸೈಕಲ್ಲಿನಲ್ಲಿ ಹೋಗಿ ಎಣ್ಣೆ ಹಾಕಿ, ರಿಬ್ಬನ್ ಬದಲಾಯಿಸಿ ಬರುತ್ತಿದ್ದೆ. ತೊಂಬತ್ತರ ದಶಕ ಶುರುವಾದ ಮೇಲೆ ಒಂದೊಂದೇ ಆಫೀಸಿನಲ್ಲಿ ಟೈಪ್‌ರೈಟರ್ ಮೂಲೆ ಸೇರಿತು. ನಮ್ಮ ಮಾಲೀಕರಾದ ಪ್ರಭಾಕರ್, ಬೆನ್ಸನ್ ಟೌನಿನವರು, ಗಾಳಿ ಯಾವ ಕಡೆ ಬೀಸುತ್ತದೆಂದು ಬಲ್ಲವರು, ಇಂದಿರಾನಗರದಲ್ಲಿ ಕಂಪ್ಯೂಟರ್ ಅಂಗಡಿ ತೆರೆದರು. ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಸೆಟ್ಟು, ಒಂದು ಮಲ್ಟಿಮೀಟರ್ ಕೊಟ್ಟು, ಇದೂ ಅದರ ಹಾಗೇ, ಬಿಚ್ಚು, ನೋಡು, ಮುಚ್ಚು ಎಂದರು. ಟೈಪ್‌ರೈಟರ್ ಕಾಲದಲ್ಲಿ ಆಫೀಸಿನವರು ನನ್ನನ್ನು ಮೆಕ್ಯಾನಿಕ್ ಎಂದು ಕರೆದು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಕಂಪ್ಯೂಟರಿಗೆ ಬಂದ ಕೂಡಲೇ ಅದೇ ಆಫೀಸುಗಳಲ್ಲಿ ನಾನು ಇಂಜಿನಿಯರ್ ಆದೆ. ಕುರ್ಚಿ ಬಂತು, ಕಾಫಿ ಬಂತು. ನಾನು ಪಿಯುಸಿ ಫೇಲು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹೆಸರು ನನಗೆ ಬಹಳ ರುಚಿಸಿತ್ತು. ಮುಂದೆ ಆದದ್ದರಲ್ಲಿ ಆ ರುಚಿಯ ಪಾಲೂ ಇದೆ.

ಕಸುಬಿನ ಮೊದಲ ದೊಡ್ಡ ಪಾಠ ಒಂದು ಆಯುಧಪೂಜೆಯ ದಿನ ಆಯಿತು. ಹಲಸೂರಿನ ಒಬ್ಬ ಆಡಿಟರ ಆಫೀಸಿಗೆ ಒಂದಷ್ಟು ಕಂಪ್ಯೂಟರ್ ಕೊಟ್ಟಿದ್ದೆವು. ಪೂಜೆಗೆ ನನ್ನನ್ನೂ ಕರೆದಿದ್ದರು. ಆಫೀಸಿನ ಅಟೆಂಡರ್ ದೊರೈ ಎಂಬ ಮುದುಕ ಬೆಳಿಗ್ಗೆಯೇ ಬಂದು ಒದ್ದೆ ಬಟ್ಟೆ ಹಿಡಿದು ಪ್ರತಿ ಕಂಪ್ಯೂಟರಿನ ಮುಂದೆ ಹಿಂದೆ ಗಸಗಸ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ್ದ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದಾಯಿತು. ಇಂಜಿನಿಯರ್ ಕೈಯಿಂದಲೇ ಆನ್ ಆಗಲಿ ಎಂದು ಆಡಿಟರು ನನ್ನನ್ನು ಮುಂದೆ ಬಿಟ್ಟರು. ಮೊದಲನೆಯದರ ಸ್ವಿಚ್ ಹಾಕಿದೆ. ಢಂ ಎಂದಿತು, ಹಿಂದಿನಿಂದ ಹೊಗೆ ಬಂತು. ಅದೊಂದು ಕೆಟ್ಟಿರಬೇಕೆಂದು ಎರಡನೆಯದನ್ನು ಹಾಕಿದೆ. ಅದೂ ಢಂ. ಕಡಲೆಪುರಿ ತಟ್ಟೆ ಹಿಡಿದಿದ್ದ ಹೆಂಗಸರು ಗೋಡೆಗೆ ಸರಿದರು. ನಾನು ಮೂರನೆಯದನ್ನೂ ಹಾಕಿದೆ. ಇಂಜಿನಿಯರ್ ಅಲ್ಲವೇ ನಾನು.

ಆಗಿನ ಎಸ್‌ಎಂಪಿಎಸ್ ಹಿಂಭಾಗದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತಿತ್ತು. ಒಂದು ಕಡೆಗೆ ಜರುಗಿಸಿದರೆ 230 ವೋಲ್ಟು, ಇನ್ನೊಂದು ಕಡೆಗೆ 115. ಎರಡನೆಯದು ಹೊರದೇಶದವರಿಗೆ. ದೊರೈ ಭಕ್ತಿಯಿಂದ ಒತ್ತಿ ಒರೆಸಿದ ರಭಸಕ್ಕೆ ಅವೆಲ್ಲ 115ರ ಕಡೆಗೆ ಜರುಗಿದ್ದವು. ಹುಷಾರಾಗಿ ಒರೆಸಿ ಎಂದು ಹೇಳಬೇಕಾಗಿದ್ದವನು ನಾನು, ಸ್ವಿಚ್ ಹಾಕುವ ಮೊದಲು ಹಿಂದೆ ಬಗ್ಗಿ ನೋಡಬೇಕಾಗಿದ್ದವನೂ ನಾನು. ಫೋನ್ ಮಾಡಿದ ಮೇಲೆ ಪ್ರಭಾಕರ್ ಸ್ಕೂಟರಿನಲ್ಲಿ ಬಂದರು. ಬಗ್ಗಿ ನೋಡಿದರು. ನೋಡುತ್ತ ನೋಡುತ್ತಲೇ ಹೆಬ್ಬೆರಳಿನಿಂದ ಆ ಗುಂಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಜರುಗಿಸಿದರು. ಆಮೇಲೆ ಎದ್ದು ನಿಂತು ಆಡಿಟರಿಗೆ, ಹಬ್ಬ ಅಲ್ವಾ ಸಾರ್, ಫ್ಯಾಕ್ಟರಿಗಳೆಲ್ಲ ರಜ, ಲೈನಿನಲ್ಲಿ ವೋಲ್ಟೇಜ್ ಏರಿಬಿಟ್ಟಿದೆ ಎಂದರು. ಆಡಿಟರು ಹೌದೌದೆಂದು ತಲೆಯಾಡಿಸಿದರು. ಮೂಲೆಯಲ್ಲಿ ನಡುಗುತ್ತ ನಿಂತಿದ್ದ ದೊರೈಗೆ ಯಾರೂ ಏನೂ ಅನ್ನಲಿಲ್ಲ.

ವಾಪಸು ಬರುವಾಗ ಸ್ಕೂಟರ್ ಮೇಲೆ ಪ್ರಭಾಕರ್ ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

“ಏನೇ ಆಗ್ಲಿ, ಕರೆಂಟ್ ಮೇಲೆ ಹಾಕ್ಬಿಡು. ಅದು ಬಂದು ನಾನಲ್ಲ ಅನ್ನಲ್ಲ.”

ಮಾರನೆಯ ದಿನದಿಂದ ನಾವು ಆ ಕೆಂಪು ಗುಂಡಿಯ ಮೇಲೆ ಸೆಲೋಟೇಪ್ ಅಂಟಿಸಿ ಕಳಿಸತೊಡಗಿದೆವು. ಅದು ಕಲಿಯಬೇಕಾದ ಪಾಠ. ಕಲಿಯಬಾರದ ಪಾಠವನ್ನೂ ಅವತ್ತೇ ಕಲಿತೆ. ಆ ಸುಳ್ಳು ಒಬ್ಬ ಬಡವನ ಕೆಲಸ ಉಳಿಸಿತ್ತು. ಹಾಗಾಗಿ ಅದು ಒಳ್ಳೆಯ ಸುಳ್ಳು ಎಂಬ ನಂಬಿಕೆ ನನಗೆ ಬಂದುಬಿಟ್ಟಿತು.

ಇದಕ್ಕೆ ನಾವು ಒಂದು ಸಣ್ಣ ನಾಟಕವನ್ನೂ ಜೋಡಿಸಿಕೊಂಡೆವು. ಮನೆಯ ಪ್ಲಗ್ಗಿನಲ್ಲಿ ಮೂರು ತೂತು ಇರುತ್ತವಲ್ಲ, ಅದರಲ್ಲಿ ನ್ಯೂಟ್ರಲ್‌ಗೂ ನೆಲಕ್ಕೆ ಹೋಗುವ ಅರ್ತಿಂಗ್‌ಗೂ ನಡುವೆ ಮೀಟರ್ ಇಟ್ಟರೆ ಏನೂ ಬರಬಾರದು ಎನ್ನುತ್ತದೆ ಪುಸ್ತಕ. ಆದರೆ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಟ್ಟರೂ ನಾಲ್ಕೋ ಐದೋ ವೋಲ್ಟು ತೋರಿಸುತ್ತಿತ್ತು. ಕಂಪ್ಯೂಟರಿಗೆ ಅದರಿಂದ ಅಂಥ ತೊಂದರೆಯೇನೂ ಇಲ್ಲ. ಗಿರಾಕಿಗೆ ಅದು ಗೊತ್ತಿಲ್ಲ. ಕಂಪ್ಯೂಟರ್ ಕೆಟ್ಟಿತೆಂದು ಕರೆದವರ ಮನೆಗೆ ಹೋಗಿ, ಮೀಟರ್ ಇಟ್ಟು, ಅಂಕಿ ತೋರಿಸಿ, ನಿಮ್ಮ ಅರ್ತಿಂಗ್ ಸರಿ ಇಲ್ಲ ಎಂದರೆ ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಗಿರಾಕಿ ತಲೆ ಕೆರೆದುಕೊಂಡು ಒಳಗೆ ಹೋಗಿ ನಮಗೆ ಕಾಫಿ ತರುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರಿನ ಹಸಿವು ಹೆಚ್ಚಾಯಿತು. ಹೊಸ ಪ್ರೊಸೆಸರುಗಳು ಹಿಂದಿನವಕ್ಕಿಂತ ಬಹಳ ಕರೆಂಟ್ ಎಳೆಯುತ್ತಿದ್ದವು. ಜೊತೆಗೆ ಸಿಡಿ ರೈಟರ್ ಬಂತು, ಎರಡನೆಯ ಹಾರ್ಡ್ ಡಿಸ್ಕ್ ಬಂತು, ಗ್ರಾಫಿಕ್ಸ್ ಕಾರ್ಡ್ ಬಂತು. ಕ್ಯಾಬಿನೆಟ್ ಜೊತೆ ಬರುವ ಡಬ್ಬಿ ಮಾತ್ರ ಅದೇ. ಒಂದು ವರ್ಷ ಅದರ ಮೇಲೆ 250 ವ್ಯಾಟ್ ಎಂಬ ಸ್ಟಿಕ್ಕರ್ ಇತ್ತು, ಆಮೇಲೆ 300 ಆಯಿತು, ಆಮೇಲೆ 400. ಕೈಯಲ್ಲಿ ಹಿಡಿದರೆ ತೂಕ ಅಷ್ಟೇ. ಬೆಳೆದದ್ದು ಸ್ಟಿಕ್ಕರ್ ಒಂದೇ. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯವರು ಎಸ್‌ಎಂಪಿಎಸ್ ಕೊಳ್ಳುವಾಗ ಸ್ಟಿಕ್ಕರ್ ಓದದೆ ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ಒಳಗೆ ತಾಮ್ರ ಇದ್ದರೆ ಭಾರ, ಇಲ್ಲದಿದ್ದರೆ ಹಗುರ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ನಮ್ಮ ಅಂಗಡಿಯಲ್ಲಿ ಸ್ಟಿಕ್ಕರನ್ನೇ ಗಿರಾಕಿಗೆ ಓದಿ ಹೇಳುತ್ತಿದ್ದೆ.

ಹೊಸಬರು ಇಲ್ಲಿ ಗಮನವಿಡಿ. ಮೊದಲು ಒಳಗೆ ಏನೇನು ಕೂರಿಸುತ್ತೀರಿ, ಯಾವುದು ಎಷ್ಟು ಎಳೆಯುತ್ತದೆ ಎಂದು ಕೂಡಿಸಿ. ಬಂದದ್ದಕ್ಕೆ ಮೂರನೇ ಒಂದು ಪಾಲಾದರೂ ಹೆಚ್ಚಿಗೆ ಹಿಡಿಯಿರಿ, ಗಿರಾಕಿ ನಾಳೆ ಇನ್ನೇನೋ ತಂದು ಸೇರಿಸುತ್ತಾನೆ. ಸ್ಟಿಕ್ಕರಿನ ದೊಡ್ಡ ಅಂಕಿ ಬಿಡಿ, ಹನ್ನೆರಡು ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪ್ ಎಂದು ನೋಡಿ. ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ಅಳೆಯಬೇಡಿ, ಸಿಡಿ ಬರೆಯುತ್ತಿರುವಾಗ ಹನ್ನೆರಡು ವೋಲ್ಟು ಒಯ್ಯುವ ಹಳದಿ ತಂತಿಗೆ ಮೀಟರ್ ಇಡಿ. ಹನ್ನೊಂದೂವರೆಗಿಂತ ಕೆಳಗೆ ಇಳಿದರೆ ಆ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಡಿ. ಈ ನಾಲ್ಕು ಮಾತು ಕಲಿಯಲು ನನಗೆ ಬೇಕಾದದ್ದು ಒಂದೇ ಮಧ್ಯಾಹ್ನ. ಕಲಿತದ್ದನ್ನು ಬಾಯಿಬಿಟ್ಟು ಹೇಳಲು ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು.

ದೇವಸಂದ್ರದಲ್ಲಿ ನಂಜಪ್ಪ ಎಂಬವರು ಇದ್ದರು. ಒಂದು ಕಾಲಕ್ಕೆ ದ್ರಾಕ್ಷಿ ತೋಟ ಮಾಡಿದವರು. ತೋಟವಿದ್ದ ಜಾಗದಲ್ಲಿ ಬಾಡಿಗೆ ಮನೆ ಎದ್ದಿದ್ದವು. ಅವರ ಹೆಂಡತಿ ಜಯಮ್ಮ. ಜಯಮ್ಮನವರ ಸ್ವಂತ ತಮ್ಮ ಕೃಷ್ಣಪ್ಪ ಎಲೆಕ್ಟ್ರಿಷಿಯನ್. ನಂಜಪ್ಪನವರ ಮನೆಗಳಿಗೆಲ್ಲ ವೈರಿಂಗ್ ಮಾಡಿದವನು ಅವನೇ. ಅವರ ಮನೆಯ ಮಹಡಿಯಲ್ಲಿ ಗದಗಿನ ಕಡೆಯ ಶೈಲಜಾ ಎಂಬ ಹೆಣ್ಣುಮಗಳು ಗಂಡನ ಜೊತೆ ಬಾಡಿಗೆಗೆ ಇದ್ದಳು. ಆಸ್ಪತ್ರೆಯ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡಿಕೊಡುವ ಕೆಲಸ. ಅದಕ್ಕಾಗಿ ನಮ್ಮ ಅಂಗಡಿಯಿಂದ ಕಂಪ್ಯೂಟರ್ ತೆಗೆದುಕೊಂಡಿದ್ದಳು. ಹೊಸ ಪ್ರೊಸೆಸರ್, ಸಿಡಿ ರೈಟರ್, ಎರಡು ಹಾರ್ಡ್ ಡಿಸ್ಕ್. ಅವೆಲ್ಲಕ್ಕೂ ಕ್ಯಾಬಿನೆಟ್ಟಿನ ಪುಕ್ಕಟೆ ಡಬ್ಬಿ.

ಕೆಲವೇ ದಿನಗಳಲ್ಲಿ ಅದು ಕೆಲಸದ ನಡುವೆ ತಾನಾಗಿಯೇ ಆಫ್ ಆಗಿ ಆನ್ ಆಗತೊಡಗಿತು. ಟೈಪ್ ಮಾಡಿದ್ದೆಲ್ಲ ಹೋಗುತ್ತಿತ್ತು. ಹೇಳಿದ ಹೊತ್ತಿಗೆ ಕೊಡದಿದ್ದರೆ ಅವಳಿಗೆ ಕೆಲಸ ತಪ್ಪುತ್ತಿತ್ತು. ಅಂಗಡಿಗೆ ಫೋನ್ ಮಾಡಿದಾಗ ಸಿಟ್ಟಿಗಿಂತ ಹೆಚ್ಚಾಗಿ ಭಯ ಇತ್ತು ದನಿಯಲ್ಲಿ. ನಾನು ಹೋದೆ. ಗೋಡೆಯ ಪ್ಲಗ್ಗಿಗೆ ಮೀಟರ್ ಇಟ್ಟೆ. ಆರು ವೋಲ್ಟು ತೋರಿಸಿತು. ಅರ್ತಿಂಗ್ ಸರಿ ಇಲ್ಲಮ್ಮ, ಓನರ್‌ಗೆ ಹೇಳಿ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅವತ್ತು ಅನ್ನಿಸಲೂ ಇಲ್ಲ. ಹೇಳಿ ಹೇಳಿ ಅದು ಬಾಯಿಪಾಠ ಆಗಿತ್ತು.

ಅವಳು ಹೋಗಿ ನಂಜಪ್ಪನವರಿಗೆ ಹೇಳಿದಳು. ಮುಂದಿನ ಸಲ ನಾನು ಹೋದಾಗ ಅವರು ಕೆಳಗೆ ಜಗಲಿಯ ಮೇಲೆ ಕಾದು ಕೂತಿದ್ದರು. ಪಕ್ಕದಲ್ಲಿ ಕೃಷ್ಣಪ್ಪ ನಿಂತಿದ್ದ. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು, ಜೇಬಿನಲ್ಲಿ ಟೆಸ್ಟರ್. ಜಯಮ್ಮ ಬಾಗಿಲಲ್ಲಿ ನಿಂತಿದ್ದರು. ಶೈಲಜಾ ಮೆಟ್ಟಿಲ ಮೇಲಿದ್ದಳು.

“ಇಂಜಿನಿಯರ್ ಸಾಹೇಬ್ರೇ, ತಪ್ಪು ಎಲ್ಲೈತೆ, ಇವನ ಮುಂದೇನೇ ಹೇಳ್ಬಿಡಿ,” ಎಂದರು ನಂಜಪ್ಪ.

ನಾನು ಜಗಲಿಯ ಪ್ಲಗ್ಗಿಗೆ ಮೀಟರ್ ಇಟ್ಟು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಅಂಕಿ ಬಂತು. ಕೃಷ್ಣಪ್ಪ ಬಗ್ಗಿ ನೋಡಿ, ಸಾರ್, ನಾನು ನೆಲಕ್ಕೆ ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿಯೇ ಮಾಡಿದ್ದೀನಿ, ಇನ್ನೊಂದು ಮೀಟರಿನಲ್ಲಿ ನೋಡೋಣವೇ ಎಂದು ಮೆತ್ತಗೆ ಕೇಳಿದ. ನ್ಯಾಯವಾದ ಮಾತು. ನನಗೆ ಮಾತ್ರ ಅದು ಇಂಜಿನಿಯರಿಗೆ ಎಲೆಕ್ಟ್ರಿಷಿಯನ್ ಎದುರು ಮಾತಾಡಿದ ಹಾಗೆ ಕೇಳಿಸಿತು. ಮೀಟರ್ ಸುಳ್ಳು ಹೇಳಲ್ಲಪ್ಪ, ಅರ್ತಿಂಗ್ ಹೀಗಿದ್ದರೆ ಕಂಪ್ಯೂಟರ್ ಬಿಡು, ಮನುಷ್ಯರಿಗೇ ಅಪಾಯ ಎಂದೆ. ಅಷ್ಟು ಹೇಳುವ ಅಗತ್ಯವೇ ಇರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ನಂಜಪ್ಪ ಬಾಮೈದನ ಕಡೆ ತಿರುಗಿದರು. “ಅಕ್ಕನ ಮನೆ ಅಂತ ಗೊತ್ತಿದ್ದೂ ಹಿಂಗ್ ಮಾಡ್ದಲ್ಲೋ,” ಎಂದರು.

ಕೃಷ್ಣಪ್ಪ ಅಕ್ಕನ ಮುಖ ನೋಡಿದ. ಜಯಮ್ಮ ಏನೂ ಅನ್ನಲಿಲ್ಲ. ಗಂಡನ ಎದುರು, ಬಾಡಿಗೆಯವರ ಎದುರು, ಇಂಜಿನಿಯರ್ ಎದುರು ಆಕೆ ಏನು ಅಂದಾರು? ಕೃಷ್ಣಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೇಲೆ ಆ ಮನೆಯ ಒಳಗೆ ಕಾಲಿಡಲಿಲ್ಲ.

ನಂಜಪ್ಪ ಬೇರೆಯವರನ್ನು ಕರೆಸಿ ಬೇವಿನ ಮರದ ಪಕ್ಕ ಅರ್ತಿಂಗ್‌ಗೆಂದು ಆಳುದ್ದದ ಹೊಸ ಗುಂಡಿ ತೋಡಿಸಿದರು. ತಾಮ್ರದ ತಗಡು, ಪದರ ಪದರವಾಗಿ ಉಪ್ಪು, ಇದ್ದಿಲು, ಮೇಲೆ ಸಿಮೆಂಟಿನ ಮುಚ್ಚಳ. ಮೀಟರಿನ ಅಂಕಿ ಒಂದಕ್ಕೆ ಇಳಿಯಿತು. ಎಲ್ಲರಿಗೂ ಖುಷಿ. ಮಣ್ಣು ಒಣಗಬಾರದು, ದಿನಾ ಒಂದು ಕೊಡ ನೀರು ಹಾಕಿ ಎಂದು ಜಯಮ್ಮನವರಿಗೆ ನಾನೇ ಹೇಳಿದೆ. ಆಗಲಿ ಎಂದರು.

ಒಂದು ವಾರ ಕಳೆದಿರಲಿಲ್ಲ, ಶೈಲಜಾಳ ಫೋನ್ ಬಂತು.

“ಸರ, ಮತ್ತ ಬಂದ್ ಆತ್ರೀ. ಇನ್ನ ನಾ ಯಾರ ಮುಂದ ಹೇಳ್ಲಿ?”

ಅವತ್ತು ಮಧ್ಯಾಹ್ನ ಹೋಗಿ ಮೊದಲ ಸಲ ಕ್ಯಾಬಿನೆಟ್ ಬಿಚ್ಚಿ, ಸಿಡಿ ಬರೆಯಲು ಬಿಟ್ಟು, ಹಳದಿ ತಂತಿಗೆ ಮೀಟರ್ ಇಟ್ಟೆ. ಹನ್ನೆರಡು ಇರಬೇಕಾದ ಕಡೆ ಹನ್ನೊಂದೂ ಇರಲಿಲ್ಲ. ಡ್ರೈವ್ ತಿರುಗಿದಾಗಲೆಲ್ಲ ಇನ್ನೂ ಕೆಳಗೆ ಇಳಿಯುತ್ತಿತ್ತು, ಆಮೇಲೆ ಇಡೀ ಕಂಪ್ಯೂಟರ್ ಆಫ್. ಕೆಳಗಿನ ಅಂಗಳದಲ್ಲಿ ಜಯಮ್ಮ ಆ ಹೊಸ ಗುಂಡಿಗೆ ನೀರು ಹುಯ್ಯುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಪ್ರಭಾಕರ್ ಅವರಿಗೆ ಹೇಳಿದೆ. ಅವರು, ಬದಲಾಯಿಸು, ಆದರೆ ಯಾಕೆ ಅಂತ ಹೇಳಬೇಡ ಎಂದರು. ಅದೇ ಕ್ಯಾಬಿನೆಟ್ ಮಾರತ್ತಹಳ್ಳಿಯಿಂದ ಲಿಂಗರಾಜಪುರದ ತನಕ ಎಷ್ಟೋ ಮನೆಗೆ ಹೋಗಿತ್ತು. ಒಂದು ಕಡೆ ಬಾಯಿಬಿಟ್ಟರೆ ಎಲ್ಲರೂ ಬಾಗಿಲಿಗೆ ಬರುತ್ತಾರೆ. ಹಾಗೆಂದು ಪ್ರಭಾಕರ್ ಮೇಲೆ ತಪ್ಪು ಹೊರಿಸಿ ಪಾರಾಗಲಾರೆ. ಬಾಯಿ ಅವರದಲ್ಲ, ನನ್ನದು. ಧೂಳು ಹೊಡೆದು ತರುತ್ತೇನೆಂದು ಕಂಪ್ಯೂಟರನ್ನು ಅಂಗಡಿಗೆ ಒಯ್ದು, ತೂಕದ ಒಳ್ಳೆಯ ಎಸ್‌ಎಂಪಿಎಸ್ ಹಾಕಿ, ವಾಪಸು ಇಟ್ಟು ಬಂದೆ. ಆಮೇಲೆ ಅದು ಒಂದು ದಿನವೂ ತೊಂದರೆ ಕೊಡಲಿಲ್ಲ.

ಇದರಿಂದ ಏನಾಯಿತು ನೋಡಿ. ಹೊಸ ಅರ್ತಿಂಗ್ ಹಾಕಿಸಿದ ಮೇಲೆ ಕಂಪ್ಯೂಟರ್ ಸರಿಹೋಯಿತು ಎಂಬುದು ದೇವಸಂದ್ರಕ್ಕೆಲ್ಲ ಗೊತ್ತಾಯಿತು. ನನ್ನ ಸುಳ್ಳನ್ನು ಆ ಒಳ್ಳೆಯ ಎಸ್‌ಎಂಪಿಎಸ್ಸೇ ನಿಜ ಮಾಡಿಬಿಟ್ಟಿತು. ನಂಜಪ್ಪ ಊರೆಲ್ಲ ನನ್ನನ್ನು ಹೊಗಳಿದರು. ಅವರ ಬಾಡಿಗೆಯವರು, ನೆಂಟರು, ನೆಂಟರ ನೆಂಟರು, ಎಲ್ಲರ ಕಂಪ್ಯೂಟರಿಗೂ ನಾನೇ ಬೇಕಾಯಿತು. ಶೈಲಜಾ ಮನೆ ಬದಲಾಯಿಸಿ ಹೋದ ಮೇಲೂ ನಾನು ಆ ಅಂಗಳಕ್ಕೆ ಹೋಗುವುದು ತಪ್ಪಲಿಲ್ಲ. ಹೋದಾಗಲೆಲ್ಲ ಜಯಮ್ಮ ಮೊದಲ ಲೋಟ ಕಾಫಿ ನನಗೆ ಕೊಡುತ್ತಿದ್ದರು, ಆಮೇಲೆ ಗಂಡನಿಗೆ. ದಿನಾ ನೀರು ಹಾಕ್ತಿದ್ದೀನಿ ಸಾರ್, ಒಂದು ಕೊಡ ಸಾಕಾ ಎಂದು ಕೇಳುತ್ತಿದ್ದರು. ಸಾಕಮ್ಮ ಎನ್ನುತ್ತಿದ್ದೆ. ಒಂದು ಗೌರಿ ಹಬ್ಬದ ಮಾರನೆಯ ದಿನ ಹೋಗಿದ್ದಾಗ, ತವರಿನ ಬಾಗಿನ ಈ ಸಲವೂ ಬೇರೆಯವರ ಕೈಲಿ ಬಂತು, ತಮ್ಮ ಗೇಟಿನ ತನಕವೂ ಬರಲಿಲ್ಲ ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ನನ್ನ ಕೈಯಲ್ಲಿ ಆಕೆ ಕೊಟ್ಟ ಕಾಫಿಯೇ ಇತ್ತು. ಕುಡಿದು ಮುಗಿಸಿ, ಲೋಟ ಕೆಳಗಿಟ್ಟು ಬಂದೆ.

ಇದಕ್ಕಿಂತ ಕೆಟ್ಟದ್ದು ರಾಮಮೂರ್ತಿನಗರದಲ್ಲಿ ಕಾದಿತ್ತು. ಅಲ್ಲಿನ ಒಂದು ಮನೆಗೆ ಕಂಪ್ಯೂಟರ್ ನೋಡಲು ಹೋದಾಗ ಹಿತ್ತಲಿನಲ್ಲಿ ಯಾರೋ ಗುಂಡಿ ತೋಡುತ್ತಿದ್ದರು. ಕೃಷ್ಣಪ್ಪ. ಮನೆಯೊಡೆಯರು ಬಹಳ ಮೆಚ್ಚಿಕೊಂಡು ಮಾತಾಡಿದರು. ಈತ ಹಿಂದೆ ವೈರಿಂಗ್ ಮಾಡಿದ ಮನೆಗಳಿಗೆಲ್ಲ ತಾನಾಗಿಯೇ ಬಂದು, ಕೂಲಿ ಬೇಡವೆಂದು, ಅರ್ತಿಂಗ್ ಮತ್ತೆ ಮಾಡಿಕೊಡುತ್ತಿದ್ದಾನಂತೆ. ಬಿಡುವಾದಾಗ ಒಂದೊಂದು ಮನೆ. ಕೃಷ್ಣಪ್ಪ ನನ್ನನ್ನು ಕಂಡು ಗುದ್ದಲಿ ಕೆಳಗಿಟ್ಟು ಕೈ ಮುಗಿದ. ಅವನಿಗೆ ನನ್ನ ಮೇಲೆ ಸಿಟ್ಟಿರಬಹುದೆಂದು ಹೆದರಿದ್ದೆ. ಸಿಟ್ಟಿರಲಿಲ್ಲ.

“ಅವತ್ತು ನೀವು ಮನುಷ್ಯರಿಗೇ ಅಪಾಯ ಅಂದ್ರಲ್ಲ ಸಾರ್. ಎಲ್ಲಾ ಮಕ್ಕಳಿರೋ ಮನೆಗಳು. ಮನಸ್ಸು ತಡೀಲಿಲ್ಲ,” ಎಂದ.

ಅಲ್ಲೇ ಹೇಳಬಹುದಾಗಿತ್ತು. ಒಂದೇ ವಾಕ್ಯ ಸಾಕಿತ್ತು. ಒಳಗೆ ಮನೆಯೊಡೆಯರು ಕಾಯುತ್ತಿದ್ದಾರೆ ಎಂದು ನನಗೆ ನಾನೇ ನೆಪ ಹೇಳಿಕೊಂಡು ಒಳಗೆ ಹೋದೆ. ತಾನು ಮಾಡಿದ ಕೆಲಸವನ್ನೇ ಅನುಮಾನಿಸುವ ಹಾಗೆ ಒಬ್ಬ ಕಸುಬುದಾರನನ್ನು ಮಾಡಿ, ಅವನು ಗುಂಡಿ ತೋಡುತ್ತಿರುವುದನ್ನು ಕಂಡೂ ನಾನು ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತೆ. ಇಷ್ಟು ವರ್ಷದ ಕೆಲಸದಲ್ಲಿ ನೆನೆದರೆ ಈಗಲೂ ತಲೆ ತಗ್ಗಿಸಬೇಕಾಗುವುದು ಇದೇ. ಮೊದಲ ಸುಳ್ಳು ಬಾಯಿಪಾಠದಿಂದ ಬಂದದ್ದು, ಇದು ಹೇಡಿತನ.

ಆಮೇಲೆ ಜನ ಲ್ಯಾಪ್‌ಟಾಪ್ ಕೊಳ್ಳತೊಡಗಿದರು. ಜೋಡಿಸುವ ಕೆಲಸ ಕಡಿಮೆಯಾಯಿತು, ನನ್ನ ಕಣ್ಣೂ ಮಂಜಾಯಿತು. ಕೆಲಸ ಬಿಟ್ಟೆ. ಪ್ರಭಾಕರ್ ಹಾರ ಹಾಕಿ, ಇವರು ಪ್ರಾಮಾಣಿಕ ಮನುಷ್ಯ ಎಂದು ನಾಲ್ಕು ಜನರ ಮುಂದೆ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಪ್ರಾಮಾಣಿಕ ಅಂದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು.

ಈ ಬರಹ ಶುರು ಮಾಡಿದಾಗ ಹೊಸಬರಿಗೆ ಬುದ್ಧಿ ಹೇಳೋಣವೆಂದು ‘ಗಿರಾಕಿಗೆ ಯಾವಾಗಲೂ ನಿಜ ಹೇಳಿ’ ಎಂದು ಒಂದು ವಾಕ್ಯ ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ. ಎರಡು ದಿನ ಹಾಗೇ ಇಟ್ಟೆ. ಮೂರನೆಯ ದಿನ ಶರ್ಟು ಹಾಕಿಕೊಂಡು ಕೆ.ಆರ್. ಪುರಂ ಬಸ್ಸು ಹತ್ತಿದೆ.

ಕೃಷ್ಣಪ್ಪ ಸಂತೆ ಬೀದಿಯ ತನ್ನ ಸಣ್ಣ ಅಂಗಡಿಯಲ್ಲಿ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದ. ತಲೆ ನರೆತಿತ್ತು. ಸ್ಟೂಲ್ ಎಳೆದು ಕೊಟ್ಟ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಪುಕ್ಕಟೆ ಡಬ್ಬಿ, ಹಳದಿ ತಂತಿ, ಧೂಳು ಹೊಡೆಯುವ ನೆಪ, ಯಾವುದನ್ನೂ ಬಿಡಲಿಲ್ಲ. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೇಳಿದ.

“ಅಂಗಾದ್ರೆ ನನ್ ಕೆಲ್ಸದಲ್ಲಿ ತಪ್ಪಿರ್ಲಿಲ್ಲ,” ಎಂದ.

“ಇರ್ಲಿಲ್ಲ ಕೃಷ್ಣಪ್ಪ.”

ಅವನು ಬಿಚ್ಚಿದ ಮಿಕ್ಸಿಯ ಭಾಗಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಮುಚ್ಚಿದ. ಬೈಯಲಿ, ಹೊಡೆಯಲಿ ಎಂದು ಕಾದೆ. ಕೊನೆಗೆ ಎದ್ದು ಷಟರ್ ಎಳೆದು ಬೀಗ ಹಾಕಿದ. ಇದನ್ನೇ ಅಕ್ಕನ ಮನೇಲಿ ಹೇಳ್ತೀರಾ ಎಂದು ಕೇಳಿದ. ಹೇಳುತ್ತೇನೆ ಎಂದೆ. ಇಬ್ಬರೂ ದೇವಸಂದ್ರದ ಕಡೆ ಹೊರಟೆವು.

ಅವನು ಗೇಟಿನ ಹೊರಗೇ ನಿಂತ. ನಂಜಪ್ಪ ಅದೇ ಜಗಲಿಯಲ್ಲಿದ್ದರು, ಕಿವಿ ಮಂದವಾಗಿತ್ತು. ಬನ್ನಿ ಇಂಜಿನಿಯರೇ ಎಂದು ಸಂಭ್ರಮದಿಂದ ಕರೆದರು. ಜಯಮ್ಮ ಬೇವಿನ ಮರದ ಹತ್ತಿರ ಕೊಡ ಹಿಡಿದು ನಿಂತಿದ್ದರು. ನಾನು ಇಂಜಿನಿಯರ್ ಅಲ್ಲ, ಟೈಪ್‌ರೈಟರ್ ಮೆಕ್ಯಾನಿಕ್ ಎಂಬಲ್ಲಿಂದ ಶುರು ಮಾಡಿ, ಗೇಟಿನ ತನಕ ಕೇಳುವ ಹಾಗೆ ಜೋರಾಗಿ ಎಲ್ಲವನ್ನೂ ಹೇಳಿದೆ. ಕೃಷ್ಣಪ್ಪನ ವೈರಿಂಗ್ ಸರಿ ಇತ್ತು, ಅರ್ತಿಂಗ್ ಸರಿ ಇತ್ತು, ಕೆಟ್ಟದ್ದು ನಾವು ಕೊಟ್ಟ ಡಬ್ಬಿ ಎಂದೆ.

ನಂಜಪ್ಪ ನಗುತ್ತ ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡರು.

“ಗೊತ್ತಾಯ್ತು ಬಿಡಿ. ಅಕ್ಕ ತಮ್ಮ ಒಂದಾಗ್ಲಿ ಅಂತ ತಪ್ಪು ನಿಮ್ ಮೇಲೆ ಹಾಕ್ಕೋತಾ ಇದ್ದೀರ. ದೊಡ್ಡ ಮನಸ್ಸು ನಿಮ್ದು. ಆ ಗುಂಡಿ ತೋಡ್ಸಿದ ಮೇಲೆ ತಾನೆ ಕಂಪ್ಯೂಟರ್ ಸರಿಹೋಗಿದ್ದು, ನಾನೇ ಕಣ್ಣಾರೆ ಕಂಡಿಲ್ವಾ?”

ಮತ್ತೆ ಹೇಳಿದೆ. ಅವರು ಮತ್ತೆ ನಕ್ಕರು. ಎಷ್ಟು ಹೇಳಿದರೂ ನನ್ನ ಮನಸ್ಸು ಅವರ ಕಣ್ಣಿಗೆ ಇನ್ನಷ್ಟು ದೊಡ್ಡದಾಗುತ್ತಿತ್ತು. ಗಟ್ಟಿಯಾಗಿ ನಿಜ ಹೇಳಿಯೂ ಶಹಬ್ಬಾಸ್ ಅನ್ನಿಸಿಕೊಂಡು ನಿಲ್ಲಬೇಕಾಗಿ ಬಂದ ಆ ನಾಚಿಕೆಯನ್ನು ಹೇಗೆ ಬರೆಯಲಿ, ತಿಳಿಯದು.

ಜಯಮ್ಮ ಮಾತ್ರ ನಗಲಿಲ್ಲ. ನಾನು ಹೇಳುವಷ್ಟು ಹೊತ್ತೂ ಆ ಸಿಮೆಂಟಿನ ಮುಚ್ಚಳವನ್ನೇ ನೋಡುತ್ತಿದ್ದರು. ಕೊಡದಲ್ಲಿದ್ದ ನೀರನ್ನು ಅದಕ್ಕೆ ಹಾಕದೆ ಬೇವಿನ ಬುಡಕ್ಕೆ ಚೆಲ್ಲಿದರು. ಗೇಟಿನ ಹತ್ತಿರ ಹೋದರು. “ಬಾರೋ ಒಳಕ್ಕೆ,” ಎಂದರು. ಕೃಷ್ಣಪ್ಪ ಚಪ್ಪಲಿ ಬಿಟ್ಟು ಅಕ್ಕನ ಹಿಂದೆ ಅಂಗಳ ದಾಟಿ ಬಂದು, ಭಾವನ ಪಕ್ಕದಲ್ಲಿ ಜಗಲಿಯ ತುದಿಗೆ ಕೂತ. ಭಾವ ಅವನ ಬೆನ್ನು ತಟ್ಟಿ, ಹಳೇದೆಲ್ಲ ಬಿಡು ಅತ್ಲಾಗೆ ಎಂದು ಕ್ಷಮಿಸಿದರು. ಅವನು ಆ ಕ್ಷಮೆಯನ್ನು ತೆಗೆದುಕೊಂಡ. ಇಲ್ಲದ ತಪ್ಪಿಗೆ.

ಸ್ವಲ್ಪ ಹೊತ್ತಿಗೆ ಜಯಮ್ಮ ಕಾಫಿ ತಂದರು. ತಟ್ಟೆಯಲ್ಲಿ ಎರಡು ಲೋಟ ಇದ್ದವು. ಮೊದಲನೆಯದನ್ನು ತಮ್ಮನಿಗೆ ಕೊಟ್ಟರು. ಎರಡನೆಯದನ್ನು ಗಂಡನಿಗೆ ಕೊಟ್ಟರು. ಅಯ್ಯೋ, ಇಂಜಿನಿಯರ್‌ಗೆ ಎಲ್ಲೇ ಎಂದು ನಂಜಪ್ಪ ಕೇಳಿದರು. ಜಯಮ್ಮ ಖಾಲಿ ತಟ್ಟೆ ಹಿಡಿದುಕೊಂಡು ನನ್ನನ್ನು ದಾಟಿ ಒಳಗೆ ಹೋದರು.

ಆ ಮನೆಯಲ್ಲಿ ನನ್ನ ಮಾತನ್ನು ನಂಬಿದವರು ಅವರೊಬ್ಬರೇ.